ಜಪಾನೀಯರ ಶಿಷ್ಟಾಚಾರ: ನೋಟಕ್ಕಷ್ಟೇ ಅಲ್ಲ, ಲೆಕ್ಕಕ್ಕೂ

ಜಪಾನಿಗೆ ಹೋಗಿಬಂದವರು ಸಾಮಾನ್ಯವಾಗಿ ವರ್ಣಿಸುವ ಸಂಗತಿಗಳು ಕೆಲವೇ: ನಡು ಬಾಗಿಸಿ ಮಾಡುವ ವಂದನೆ, ಎರಡೂ ಕೈಗಳಿಂದ ನೀಡುವ ವಿಸಿಟಿಂಗ್ ಕಾರ್ಡು, ಹೊಸ್ತಿಲ ಬಳಿ ಕಳಚಿಡುವ ಪಾದರಕ್ಷೆ, ವೇಳೆ ತಪ್ಪದ ರೈಲು. ಪ್ರವಾಸಿಗೆ ಇವು ಕೌತುಕದ ವಸ್ತುಗಳಾದರೆ ಸಾಕು; ಆ ದೇಶದೊಡನೆ ವ್ಯವಹರಿಸಬಯಸುವ ಉದ್ಯಮಿಗೆ ಅಷ್ಟು ಸಾಲದು. ಯಾರು ಯಾವ ಹೊಣೆ ಹೊತ್ತರೆಂಬುದನ್ನು ತಿಳಿಸುವ ಲೆಕ್ಕಪತ್ರದಂತೆ ಈ ಆಚಾರಗಳನ್ನು ಓದಬೇಕು.

ವಿಸಿಟಿಂಗ್ ಕಾರ್ಡನ್ನೇ ತೆಗೆದುಕೊಳ್ಳೋಣ. ಜಪಾನೀಯರು ಅದನ್ನು ಪಡೆದು, ಓದಿ, ಸಭೆ ಮುಗಿಯುವವರೆಗೆ ಮೇಜಿನ ಮೇಲೆ ಆಸನಗಳ ಕ್ರಮದಲ್ಲಿ ಜೋಡಿಸಿಡುತ್ತಾರೆ. ಎದುರಿಗಿರುವವರ ಹುದ್ದೆ, ಅಧಿಕಾರಗಳು ಅದರಿಂದ ಸ್ಪಷ್ಟವಾಗುತ್ತವೆ. ಅದನ್ನು ನೋಡದೆ ಜೇಬಿಗೆ ಸೇರಿಸುವವನು ಅಗೌರವ ತೋರುವುದು ಮಾತ್ರವಲ್ಲ, ಕೈಗೆ ಬಂದ ಮಾಹಿತಿಯನ್ನೂ ಕಳೆದುಕೊಳ್ಳುತ್ತಾನೆ.

ಇದಕ್ಕಿಂತ ದುಬಾರಿಯಾಗುವುದು ಮಾತಿನ ತಪ್ಪುಗ್ರಹಿಕೆ. ಜಪಾನಿ ಭಾಷೆಯ 'ಹಾಯ್' ಎಂಬುದಕ್ಕೆ ನಿಘಂಟಿನ ಅರ್ಥ 'ಹೌದು'. ಸಂಭಾಷಣೆಯ ನಡುವೆ ಮಾತ್ರ ಅದು ಅನೇಕ ವೇಳೆ 'ಕೇಳಿಸಿಕೊಳ್ಳುತ್ತಿದ್ದೇನೆ' ಎಂಬುದರ ಸೂಚನೆ. 'ಪರಿಶೀಲಿಸುತ್ತೇವೆ' ಎಂಬುದು ಎಷ್ಟೋ ಬಾರಿ ಸೌಜನ್ಯದ ನಿರಾಕರಣೆ. ಇವನ್ನು ಒಪ್ಪಿಗೆಯೆಂದು ಭಾವಿಸಿ, ಓವರ್‌ಡ್ರಾಫ್ಟ್ ಎತ್ತಿ ಕಚ್ಚಾಮಾಲು ತರುವ, ಡೈ ಮಾಡಿಸುವ ಸಣ್ಣ ಕೈಗಾರಿಕೋದ್ಯಮಿಗೆ ಉಳಿಯುವುದು ಬಡ್ಡಿ ಮಾತ್ರ. ಆರ್ಡರು ಕೈಗೆ ಬರುವವರೆಗೆ ನಗುಮುಖ, ನಮಸ್ಕಾರಗಳನ್ನು ಯಾವ ಖಾತೆಗೂ ಜಮಾ ಮಾಡಲಾಗದು.

ತೀರ್ಮಾನ ತಡವಾಗುವುದಕ್ಕೂ ಕಾರಣವಿದೆ. ಮರವನ್ನು ಬೇರೆಡೆಗೆ ನೆಡುವ ಮೊದಲು ಬೇರುಗಳನ್ನು ಸಿದ್ಧಗೊಳಿಸುವ ಕೆಲಸಕ್ಕೆ 'ನೆಮವಾಶಿ' ಎಂದು ಹೆಸರು. ಸಭೆಗೆ ಮುನ್ನವೇ ಸಂಬಂಧಪಟ್ಟವರೆಲ್ಲರ ಸಮ್ಮತಿ ಪಡೆಯುವುದಕ್ಕೂ ಅದೇ ಪದ. ಬಳಿಕ 'ರಿಂಗಿ' ಎಂಬ ಪ್ರಸ್ತಾವಪತ್ರವು ವಿಭಾಗದಿಂದ ವಿಭಾಗಕ್ಕೆ ಸಾಗಿ, ಒಬ್ಬೊಬ್ಬರ ಮುದ್ರೆ ಪಡೆಯುತ್ತದೆ. ಮುದ್ರೆ ಒತ್ತಿದವರು 'ನನಗೆ ತಿಳಿದಿರಲಿಲ್ಲ' ಎನ್ನುವಂತಿಲ್ಲ. ನಿರ್ಧಾರ ವಿಳಂಬವಾದರೂ ಅನುಷ್ಠಾನ ಶೀಘ್ರವಾಗುವುದು ಇದರಿಂದಲೇ.

ಹಾಗೆಂದು ಎಲ್ಲವೂ ಅನುಕರಣೀಯವೇನಲ್ಲ. 2020ರ ಕೋವಿಡ್ ಕಾಲದಲ್ಲಿ ಮುದ್ರೆ ಒತ್ತುವುದಕ್ಕಾಗಿಯೇ ನೌಕರರು ಕಚೇರಿಗೆ ಹೋಗಬೇಕಾಯಿತು; ಆ ವರ್ಷವೇ ಸಚಿವ ಕೊನೊ ತಾರೊ ಸರ್ಕಾರಿ ಕೆಲಸಗಳಲ್ಲಿ ಮುದ್ರೆಯ ಕಡ್ಡಾಯವನ್ನು ತೆಗೆಯಲು ಮುಂದಾದರು. ಭಾರತದಲ್ಲಿ ಕಂಪನಿಗಳ ಸಾಮಾನ್ಯ ಮುದ್ರೆ 2015ರ ತಿದ್ದುಪಡಿಯಲ್ಲೇ ಐಚ್ಛಿಕವಾಗಿತ್ತು. ಇನ್ನು 2017ರಲ್ಲಿ ಕೋಬೆ ಸ್ಟೀಲ್ ಕಂಪನಿ ಗುಣಮಟ್ಟದ ಅಂಕಿಅಂಶಗಳನ್ನು ತಿದ್ದಿದ್ದನ್ನು ಒಪ್ಪಿಕೊಂಡಿತು. 2023ರಲ್ಲಿ ದೈಹತ್ಸು ಕಂಪನಿಯ ಸುರಕ್ಷತಾ ಪರೀಕ್ಷೆಗಳ ಅಕ್ರಮ ಬಯಲಾಯಿತು. ಬಾಹ್ಯ ಶಿಸ್ತು ಪ್ರಾಮಾಣಿಕತೆಗೆ ಬದಲಿಯಲ್ಲ.

ನಮ್ಮಲ್ಲಿಯೂ ಈ ಅಪಾಯವಿದೆ. ಬಿಡದಿಯ ಟೊಯೋಟಾ ಕಾರ್ಖಾನೆಯಂಥವು ಬಂದ ಮೇಲೆ ಜಪಾನಿ ಪದ್ಧತಿಗಳು ರಾಜ್ಯದ ಸಣ್ಣ ಘಟಕಗಳಿಗೂ ಪರಿಚಿತವಾಗಿವೆ. 'ಫೈವ್ ಎಸ್' ಫಲಕ ಗೋಡೆಯ ಮೇಲಿದ್ದು, ದಾಸ್ತಾನು ಪುಸ್ತಕ ಮೂರು ತಿಂಗಳು ಹಿಂದುಳಿದಿದ್ದರೆ ಕಲಿತದ್ದು ಫಲಕ ಬರೆಸುವುದನ್ನಷ್ಟೇ.

ಕಲಿಯಬೇಕಾದ ಪದ ಮತ್ತೊಂದಿದೆ: 'ಹೋರೆನ್‌ಸೋ'. ವರದಿ ಮಾಡು, ಮಾಹಿತಿ ತಿಳಿಸು, ಸಮಾಲೋಚಿಸು ಎಂಬ ಮೂರು ಜಪಾನಿ ಪದಗಳ ಮೊದಲಕ್ಷರಗಳಿಂದಾದ ಇದಕ್ಕೆ ಪಾಲಕ್ ಸೊಪ್ಪು ಎಂಬ ಅರ್ಥವೂ ಇರುವುದರಿಂದ ನೆನಪಿಡುವುದು ಸುಲಭ. ಮಾಲು ತಡವಾಗುವುದಾದರೆ ಗಡುವು ಮುಗಿದ ಮೇಲೆ ನೆಪ ಹೇಳುವುದಕ್ಕಿಂತ, ತಡವಾಗುವ ಸೂಚನೆ ಕಂಡೊಡನೆ ತಿಳಿಸುವುದು ಮೇಲು. ಸಭೆಯ ನಿರ್ಣಯಗಳನ್ನು ಅಂದೇ ಬರೆದು ಕಳುಹಿಸುವುದು, ಲಿಖಿತ ಆರ್ಡರಿಲ್ಲದೆ ಬಂಡವಾಳ ತೊಡಗಿಸದಿರುವುದು ಇದರ ಜೊತೆಗೆ ರೂಢಿಯಾಗಬೇಕಾದ ನಿಯಮಗಳು.

1898ರಲ್ಲಿ ಜಪಾನಿಗೆ ಭೇಟಿಯಿತ್ತ ಸರ್ ಎಂ. ವಿಶ್ವೇಶ್ವರಯ್ಯನವರು ಅಲ್ಲಿನ ಶಿಕ್ಷಣವನ್ನೂ ಕೈಗಾರಿಕೆಗಳನ್ನೂ ಅಭ್ಯಸಿಸಿ ಬಂದರು. 1913ರಲ್ಲಿ ಮೈಸೂರು ಬ್ಯಾಂಕೂ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯೂ ಅವರ ದಿವಾನಗಿರಿಯಲ್ಲೇ ಸ್ಥಾಪನೆಗೊಂಡವು. ಅಭ್ಯಾಸದ ದೃಷ್ಟಿಯಿಂದ ನೋಡಿದವರು ಪರದೇಶದಿಂದ ಏನು ತರಬಲ್ಲರೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.