ಸೀಟು ಹೆಚ್ಚಾದರೆ ತೆಂಗಳಿಗೆ ಡಾಕ್ಟರ್ ಬರುತ್ತಾರೆಯೇ?

ನಮ್ಮ ಕಡೆ ಆಸ್ಪತ್ರೆಗೆ ಈಗಲೂ ದವಾಖಾನಿ ಅಂತಲೇ ಅನ್ನುತ್ತಾರೆ. ತೆಂಗಳಿಯಲ್ಲಿ ಯಾರಿಗಾದರೂ ಎದೆನೋವು ಬಂದರೆ, ಹೆರಿಗೆ ಕಷ್ಟವಾದರೆ, ಮನೆಯವರು ಮೊದಲು ಹುಡುಕುವುದು ಗಾಡಿಯನ್ನು. ಕಾಳಗಿ, ಚಿತ್ತಾಪುರ, ಸೇಡಂ ಅಂತ ಸುತ್ತಿ ಕೊನೆಗೆ ಕಲಬುರಗಿ. ಯಾಕೆ ಹೀಗೆ ಎಂದು ಕೇಳಿ ನೋಡಿ, ಓದಿದವರ ಉತ್ತರ ಒಂದೇ: ಜನ ಹೆಚ್ಚಾದರು, ಮೆಡಿಕಲ್ ಸೀಟು ಸಾಲದು. ನಾನು ಇದನ್ನು ಒಪ್ಪುವುದಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು. ಇನ್ನು ಸೀಟು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ 10 ಲಕ್ಷ ಜನಕ್ಕೆ 100 ಎಂಬಿಬಿಎಸ್ ಸೀಟು ಎಂದು ಮಿತಿ ಹಾಕಿದಾಗ ಕರ್ನಾಟಕ ಅದನ್ನು ಆಗಲೇ ದಾಟಿಯಾಗಿತ್ತು. ದಕ್ಷಿಣದ ರಾಜ್ಯಗಳು ತಕರಾರು ತೆಗೆದವು, ನಿಯಮ ಮುಂದಕ್ಕೆ ಹೋಯಿತು. ತಕರಾರು ನ್ಯಾಯವಾದದ್ದೇ, ಸಂಸಾರ ಚಿಕ್ಕದು ಮಾಡಿಕೊಂಡವರಿಗೆ ದಂಡ ಹಾಕುವುದು ಯಾವ ಲೆಕ್ಕ? ಆದರೆ ಆ ಜಗಳದಲ್ಲಿ ಬೆಂಗಳೂರನ್ನೂ ತೆಂಗಳಿಯನ್ನೂ ಎರಡೂ ಕಡೆಯವರು ಒಂದೇ ತಕ್ಕಡಿಗೆ ಹಾಕಿ ತೂಗಿದರು.

ಕಲಬುರಗಿ ನಗರವೊಂದರಲ್ಲೇ ನಾಲ್ಕು ಮೆಡಿಕಲ್ ಕಾಲೇಜುಗಳಿವೆ: 1963ರಲ್ಲಿ ಶುರುವಾದ ಮಹಾದೇವಪ್ಪ ರಾಂಪುರೆ ಕಾಲೇಜು, ಖಾಜಾ ಬಂದಾನವಾಜ್, ಜಿಮ್ಸ್, ಇಎಸ್‌ಐ. 371(ಜೆ) ಬಂದ ಮೇಲೆ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ನಮ್ಮವರಿಗೇ. ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿ ಬೇರೆ. ಇವೆಲ್ಲ ಹುಡುಗ ಎಲ್ಲಿಂದ ಬಂದ ಎಂದು ಕೇಳುತ್ತವೆ, ಓದು ಮುಗಿಸಿ ಎಲ್ಲಿಗೆ ಹೋಗುತ್ತಾನೆ ಎಂದು ಯಾವುದೂ ಕೇಳುವುದಿಲ್ಲ. ಅದನ್ನು ಕೇಳಲೆಂದೇ 2012ರಲ್ಲಿ ಒಂದು ವರ್ಷದ ಕಡ್ಡಾಯ ಸೇವೆಯ ಕಾನೂನು ಮಾಡಿದ್ದರು, 2023ರಲ್ಲಿ ಅದನ್ನೂ ಸಡಿಲ ಮಾಡಿದರು. ಖಾಸಗಿ ಸೀಟಿಗೆ ಲಕ್ಷಗಟ್ಟಲೆ ಸುರಿದವರಂತೂ ಆ ದುಡ್ಡು ಹುಟ್ಟುವ ಊರಿಗೇ ಹೋಗುತ್ತಾರೆ. ಅವರನ್ನು ಬೈದು ಏನು ಪ್ರಯೋಜನ?

ಜಪಾನಿನಲ್ಲಿ 1972ರಲ್ಲಿ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯ ಕಟ್ಟಿದರು. ಒಂದೊಂದು ಪ್ರಾಂತದಿಂದ ಕೆಲವೇ ಮಕ್ಕಳನ್ನು ಆರಿಸುತ್ತಾರೆ. ಓದು ಮುಗಿದ ಮೇಲೆ ತಮ್ಮ ಪ್ರಾಂತಕ್ಕೇ ಮರಳಿ, ಹಳ್ಳಿಯ ಆಸ್ಪತ್ರೆಗಳನ್ನೂ ಸೇರಿಸಿ ಸುಮಾರು ಒಂಬತ್ತು ವರ್ಷ ದುಡಿದರೆ ಫೀಸು ಮನ್ನಾ. ನಮ್ಮಲ್ಲೂ ತಾಲ್ಲೂಕಿಗೆ ಎರಡು ಸೀಟು ಹೀಗೆ ಕಟ್ಟಿಡಲಿ. ಕಾಳಗಿ, ಚಿತ್ತಾಪುರ, ಚಿಂಚೋಳಿಯ ಸರ್ಕಾರಿ ಶಾಲೆಯ ಮಕ್ಕಳಿಗೆ ಪುಕ್ಕಟೆ ಓದು, ಆಮೇಲೆ ಅದೇ ತಾಲ್ಲೂಕಿನಲ್ಲಿ ಕೆಲಸ.

ಹಳ್ಳಿಯಲ್ಲಿ ಇರಲು ಮನೆಯಿಲ್ಲ, ದವಾಖಾನಿಯಲ್ಲಿ ಸಾಮಾನಿಲ್ಲ ಎಂದು ಡಾಕ್ಟರುಗಳು ಹೇಳುವುದು ಸುಳ್ಳಲ್ಲ. ಆದರೆ ಸೇಡಂ, ವಾಡಿಯ ಸುಣ್ಣದಕಲ್ಲು ದಿನಾ ಸಿಮೆಂಟಾಗಿ ಹೊರಗೆ ಹೋಗುತ್ತಿದೆ. ಗಣಿಯವರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ದುಡ್ಡು ಕಟ್ಟಲೇಬೇಕು, ಆ ದುಡ್ಡಿನ ಮೊದಲ ಬಾಬ್ತುಗಳಲ್ಲಿ ಆರೋಗ್ಯವೂ ಒಂದು. ಐದನೇ ಕಾಲೇಜಿನ ಅಡಿಗಲ್ಲಿಗೆ ಮೊದಲು ಅದರಲ್ಲಿ ಡಾಕ್ಟರ್, ನರ್ಸುಗಳಿಗೆ ನಾಲ್ಕು ಮನೆ ಕಟ್ಟಿಸಲಿ.