ಕಾಯ್ದಿರಿಸಿದ ಜಾಗವನ್ನು ಕಾಯುವವರು ಯಾರು?

ಬೆಂಗಳೂರು ಸಂಚಾರ ಪೊಲೀಸ್ ಅಧಿಕಾರಿಗಳಿಗೆ, ನಗರದ ಪಾಲಿಕೆಗಳ ಆಯುಕ್ತರಿಗೆ, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯವರಿಗೆ, ಮತ್ತು ಆಸ್ಪತ್ರೆ, ಮಾಲ್, ಕಲ್ಯಾಣ ಮಂಟಪಗಳ ಆಡಳಿತದವರಿಗೆ,

ಮಾನ್ಯರೇ,

ಅಂಗವಿಕಲರಿಗೆಂದು ಗೆರೆ ಎಳೆದು, ನೆಲದ ಮೇಲೆ ಗಾಲಿಕುರ್ಚಿಯ ಚಿತ್ರ ಬರೆದು ಬಿಟ್ಟಿರುವ ಪಾರ್ಕಿಂಗ್ ಜಾಗಗಳಲ್ಲಿ ಬೇರೆಯವರ ಗಾಡಿಗಳು ನಿಲ್ಲುತ್ತಿವೆ. ಆಸ್ಪತ್ರೆ, ಮಾಲು, ಸರ್ಕಾರಿ ಕಚೇರಿಯ ಅಂಗಳ, ಮದುವೆ ಛತ್ರ, ಎಲ್ಲಿ ಹೋದರೂ ಇದೇ ಪಾಡು. ನಿಮಗೆಲ್ಲ ಸೇರಿಸಿ ಒಂದೇ ಪತ್ರ ಬರೆಯುವುದಕ್ಕೆ ಕಾರಣವಿದೆ. ಪೊಲೀಸರನ್ನು ಕೇಳಿದರೆ ಅದು ಖಾಸಗಿ ಜಾಗ, ಆಡಳಿತದವರನ್ನು ಕೇಳಿ ಎನ್ನುತ್ತಾರೆ. ಆಡಳಿತದವರು ಪಾರ್ಕಿಂಗ್ ಗುತ್ತಿಗೆದಾರನ ಕಡೆ ಕೈ ತೋರಿಸುತ್ತಾರೆ. ಗುತ್ತಿಗೆದಾರ ಗೇಟಿನಲ್ಲಿ ಸೀಟಿ ಊದುವ ಹುಡುಗನನ್ನು ಗದರುತ್ತಾನೆ. ಆ ಹುಡುಗ ನನ್ನ ಮುಖ ನೋಡಿ, "ನಾನೇನ್ ಮಾಡ್ಲಿ ಮೇಡಂ, ಹೇಳಿದ್ರೆ ನನಗೇ ಬೈತಾರೆ" ಅನ್ನುತ್ತಾನೆ. ಅವನು ಹೇಳುವುದು ನಿಜ. ಹನ್ನೆರಡು ಗಂಟೆ ನಿಂತು ದುಡಿಯುವ, ಯಾವ ಅಧಿಕಾರವೂ ಇಲ್ಲದ ಒಬ್ಬ ಹುಡುಗನ ಹೆಗಲ ಮೇಲೆ ಈ ರಾಜ್ಯ ನನ್ನ ಹಕ್ಕನ್ನು ಹೊರಿಸಿಟ್ಟಿದೆ. ಇದು ನನ್ನ ಮುಖ್ಯ ದೂರು. ಗಾಡಿ ನಿಲ್ಲಿಸುವವರ ಮೇಲಿನ ದೂರು ಆಮೇಲಿನದು.

ಆ ಜಾಗ ಯಾಕೆ ಅಷ್ಟು ಅಗಲ ಎಂಬುದನ್ನು ಮೊದಲು ಹೇಳಬೇಕು. ಅದು ಬಾಗಿಲಿಗೆ ಹತ್ತಿರವಿರುವ ಒಂದು ಸವಲತ್ತು, ಅಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಅಳತೆ 3.6 ಮೀಟರ್ ಅಗಲ, 5 ಮೀಟರ್ ಉದ್ದ. ಕಟ್ಟಡದ ಬಾಗಿಲಿನಿಂದ 30 ಮೀಟರ್ ಒಳಗಿರಬೇಕು. ಸಾಮಾನ್ಯ ಕಾರಿಗೆ ಎರಡೂವರೆ ಮೀಟರ್ ಅಗಲ ಸಾಕು. ಮಿಕ್ಕಿದ್ದು, ಓರೆ ಗೆರೆ ಎಳೆದು ತೋರಿಸುವ ಆ ಪಟ್ಟಿ, ಗಾಲಿಕುರ್ಚಿಯದು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ನನ್ನ ಗೆಳತಿಯೊಬ್ಬಳು, ಬ್ರೇಕು ಮತ್ತು ಆಕ್ಸಿಲರೇಟರನ್ನು ಕೈಯಿಂದಲೇ ನಡೆಸುವ ಹಾಗೆ ಮಾರ್ಪಡಿಸಿದ ಕಾರು ಓಡಿಸುತ್ತಾಳೆ. ಅವಳು ಇಳಿಯುವುದನ್ನು ನೀವೆಲ್ಲ ನಿಂತು ನೋಡಬೇಕು. ಕಾರಿನ ಬಾಗಿಲು ಪೂರ್ತಿ ತೆರೆಯಬೇಕು, ಅರ್ಧ ತೆರೆದರೆ ಆಗದು. ಪಕ್ಕದ ಸೀಟಿನಲ್ಲಿಟ್ಟ ಕುರ್ಚಿಯ ಚೌಕಟ್ಟನ್ನು ಮೈಮೇಲಿಂದ ಎತ್ತಿ ಹೊರಗಿಡುತ್ತಾಳೆ. ಒಂದೊಂದೇ ಚಕ್ರ ಸಿಕ್ಕಿಸುತ್ತಾಳೆ. ಕುರ್ಚಿಯನ್ನು ಸೀಟಿಗೆ ಒತ್ತಿ ತಂದು ಬ್ರೇಕ್ ಹಾಕಿ, ತೋಳಿನ ಬಲದ ಮೇಲೆ ಮೈಯನ್ನು ಎತ್ತಿ ಅತ್ತ ಜರುಗಿಸುತ್ತಾಳೆ. ಆಮೇಲೆ ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಇಟ್ಟುಕೊಳ್ಳುತ್ತಾಳೆ.

ಇಳಿಯಲು ಜಾಗ ಸಿಕ್ಕಿತೆಂದು ನೆಮ್ಮದಿ ಪಡುವಂತಿಲ್ಲ. ಅವಳು ಒಳಗೆ ಹೋಗಿ ಬರುವಷ್ಟರಲ್ಲಿ ಆ ಓರೆ ಗೆರೆಯ ಮೇಲೆ ಯಾರದೋ ಬೈಕು ಬಂದು ನಿಂತಿದ್ದರೆ ತನ್ನದೇ ಕಾರಿಗೆ ಅವಳು ಹತ್ತಲಾರಳು. ಬೆನ್ನುಹುರಿಗೆ ಪೆಟ್ಟಾದ ಹಲವರು ಹೊತ್ತಿಗೆ ಸರಿಯಾಗಿ ನಳಿಕೆಯ ಮೂಲಕ ಮೂತ್ರ ತೆಗೆಯಬೇಕಾಗುತ್ತದೆ. ಬೆವರಿ ಮೈಯನ್ನು ತಣ್ಣಗಿಡುವ ಶಕ್ತಿಯೂ ಅನೇಕರಿಗೆ ಕುಂದಿರುತ್ತದೆ. ಅಂಥವಳು ಬಿಸಿಲಿನಲ್ಲಿ ಕೂತು, ಯಾರೋ ಸಿನಿಮಾ ಮುಗಿಸಿ ಬರಲಿ ಎಂದು ಕಾಯಬೇಕು. ಧ್ವನಿವರ್ಧಕದಲ್ಲಿ ನಂಬರ್ ಕೂಗಿಸಿದರೆ ಕೆಲವರು ಬರುತ್ತಾರೆ, ಕೆಲವರು ಬರುವುದಿಲ್ಲ. ಬಂದವರಲ್ಲಿಯೂ ಕ್ಷಮೆ ಕೇಳುವವರಿಗಿಂತ "ಇನ್ನೊಂದು ಬಾಗಿಲಿಂದ ಹತ್ತಬಹುದಿತ್ತಲ್ಲ" ಎನ್ನುವವರೇ ಹೆಚ್ಚು.

ಇದು ಕಾರಿನ ಮಾತಾಯಿತು. ಆದರೆ ಅಂಗವಿಕಲರಲ್ಲಿ ಕಾರು ಇಟ್ಟವರು ಎಷ್ಟು ಮಂದಿ? ಎಳವೆಯಲ್ಲಿ ಬಂದ ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡ ನನ್ನಂಥವರ ಗಾಡಿ ಎಂದರೆ ಹಿಂದೆ ಎರಡು ಸೈಡ್ ವೀಲ್ ಕೂಡಿಸಿದ ಸ್ಕೂಟರ್. ಸರ್ಕಾರವೇ ಯಂತ್ರಚಾಲಿತ ದ್ವಿಚಕ್ರ ವಾಹನ ಯೋಜನೆಯಲ್ಲಿ ಇಂಥ ಗಾಡಿಗಳನ್ನು ಕೊಡುತ್ತದೆ. ಕೊಟ್ಟ ಸರ್ಕಾರಕ್ಕೆ ನಾನು ಋಣಿ. ಈ ಸ್ಕೂಟರು ನನ್ನನ್ನು ಮನೆಯಿಂದ ಹೊರಗೆ ತಂದಿತು, ಸಂಬಳದ ಕೆಲಸಕ್ಕೆ ಕಳಿಸಿತು. ಆದರೆ ಅದನ್ನು ನಿಲ್ಲಿಸಲು ಜಾಗ ಎಲ್ಲಿ? ಗಾಲಿಕುರ್ಚಿಯ ಚಿತ್ರವಿರುವುದು ಕಾರುಗಳ ಸಾಲಿನಲ್ಲಿ. ಅಲ್ಲಿ ಸ್ಕೂಟರ್ ನಿಲ್ಲಿಸಲು ಹೋದರೆ "ಟೂ ವೀಲರ್ ಕೆಳಗೆ" ಎಂದು ನೆಲಮಾಳಿಗೆಗೆ ಅಟ್ಟುತ್ತಾರೆ. ಕೆಳಗೆ ಒಂದಕ್ಕೊಂದು ಹ್ಯಾಂಡಲ್ ತಾಗಿಸಿ ನಿಲ್ಲಿಸಿದ ಬೈಕುಗಳ ರಾಶಿ. ನನ್ನ ಗಾಡಿ ಬೇರೆ ಸ್ಕೂಟರಿಗಿಂತ ಅಗಲ. ಅದನ್ನು ಸ್ಟ್ಯಾಂಡ್ ಮೇಲೆ ಎತ್ತಿ ತಿರುಗಿಸಲು ಬರುವುದಿಲ್ಲ, ಹಿಂಬದಿ ಹಿಡಿದು ಎಳೆದು ಸರಿಸಲೂ ಬರುವುದಿಲ್ಲ. ಇಂಥ ಬಹುತೇಕ ಗಾಡಿಗಳಿಗೆ ರಿವರ್ಸ್ ಗೇರ್ ಇಲ್ಲ. ಹಿಂದಕ್ಕೆ ಹೋಗಬೇಕಾದರೆ ಯಾರಾದರೂ ತಳ್ಳಬೇಕು. ಓಡಿಸುವವರಿಗೆ ಇಳಿದು ತಳ್ಳಲು ಆಗುವಂತಿದ್ದರೆ ಸೈಡ್ ವೀಲೇ ಬೇಕಿರಲಿಲ್ಲ. ಮುಂದೊಂದು ಹಿಂದೊಂದು ಬೈಕು ಬಂದು ನಿಂತರೆ ನಾನು ಅಲ್ಲೇ ಸೆರೆ.

ಹೋದ ವರ್ಷ ನಗರದ ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿ ಬಾಗಿಲ ಪಕ್ಕದಲ್ಲೇ ಒಳ್ಳೆಯ ನೀಲಿ ಬಣ್ಣದ ಎರಡು ಜಾಗಗಳಿವೆ. ಒಂದರಲ್ಲಿ ಕಾರು ನಿಂತಿತ್ತು. ಇನ್ನೊಂದರ ನಡುವೆ ಯಾರೂ ನಿಲ್ಲಿಸದಿರಲಿ ಎಂದು ಕಿತ್ತಳೆ ಬಣ್ಣದ ಕೋನ್ ಇಟ್ಟಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಒಬ್ಬಳೇ ಬಂದ ನಾನು ಊರುಗೋಲು ಹಿಡಿದು ಇಳಿದು, ಬಗ್ಗಿ, ಆ ಕೋನನ್ನು ಹೇಗೆ ಸರಿಸಲಿ? ಕಾವಲಿನವರನ್ನು ಕೂಗಿ ಕರೆಯುವಷ್ಟರಲ್ಲಿ ಹಿಂದೆ ಸಾಲುಗಟ್ಟಿದ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ಆಗ ಕಪ್ಪು ಕಾರೊಂದು ಬಂತು. ಕಾವಲಿನವರು ಓಡಿ ಬಂದು ಕೋನ್ ತೆಗೆದು ಆ ಕಾರನ್ನು ಒಳಗೆ ಬಿಟ್ಟರು. ಅದರಿಂದ ಇಳಿದವರು ಚುರುಕಾಗಿ ಮೆಟ್ಟಿಲು ಹತ್ತಿ ಹೋದರು. ಯಾರು ಎಂದು ಕೇಳಿದ್ದಕ್ಕೆ "ದೊಡ್ಡವರು ಮೇಡಂ" ಎಂಬ ಉತ್ತರ ಬಂತು. ಆಡಳಿತ ಕಚೇರಿಗೆ ಹೋಗಿ ಲಿಖಿತ ದೂರು ಕೊಟ್ಟೆ. ಸ್ವೀಕೃತಿ ಮುದ್ರೆ ಒತ್ತಿ ಕೊಟ್ಟರು. ಉತ್ತರ ಇವತ್ತಿಗೂ ಬಂದಿಲ್ಲ.

ಬೇರೆ ಕಡೆ ಅದೇ ಜಾಗ ಜನರೇಟರಿಗೆ, ಹೂಕುಂಡಗಳಿಗೆ, ಮುರಿದ ಕುರ್ಚಿಗಳ ರಾಶಿಗೆ ಸಲ್ಲುವುದನ್ನೂ ಕಂಡಿದ್ದೇನೆ. ಛತ್ರಗಳಲ್ಲಿ ಅಡುಗೆಯವರ ಲಾರಿ ಅಲ್ಲಿ ನಿಲ್ಲುತ್ತದೆ. ಕಚೇರಿಗಳಲ್ಲಿ ಸಾಹೇಬರ ಜೀಪು.

ಕಾನೂನು ಇಲ್ಲವೆಂದು ಯಾರೂ ಹೇಳಲಾಗದು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರಲ್ಲಿ ಬಂದು 2017ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಅದರ 44ನೇ ಕಲಮಿನ ಪ್ರಕಾರ, ಸುಗಮ್ಯತೆಯ ನಿಯಮ ಪಾಲಿಸದ ನಕ್ಷೆಗೆ ಅನುಮತಿ ಕೊಡುವಂತಿಲ್ಲ, ಅಂಥ ಕಟ್ಟಡಕ್ಕೆ ಮುಕ್ತಾಯ ಪ್ರಮಾಣಪತ್ರವನ್ನೂ ಕೊಡುವಂತಿಲ್ಲ. 89ನೇ ಕಲಮು ಅಧಿನಿಯಮವನ್ನು ಮೀರಿದವರಿಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮೀರಿದರೆ 50,000ದಿಂದ 5 ಲಕ್ಷದವರೆಗೆ ದಂಡ ಹೇಳುತ್ತದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸುಗಮ್ಯತೆಯ ಅಳತೆಗಳನ್ನು ಬರೀ ಶಿಫಾರಸಿನ ಮಟ್ಟದಲ್ಲಿ ಉಳಿಸಿದ್ದ 2017ರ ನಿಯಮವನ್ನು ಅದು ಅಧಿನಿಯಮಕ್ಕೇ ವಿರುದ್ಧ ಎಂದು ತಳ್ಳಿಹಾಕಿ, ಕಡ್ಡಾಯವಾದ ನಿಯಮಗಳನ್ನು ಮೂರು ತಿಂಗಳೊಳಗೆ ರೂಪಿಸಲು ಕೇಂದ್ರಕ್ಕೆ ಆದೇಶಿಸಿತು. ದೃಷ್ಟಿದೋಷವಿರುವ ರತೂರಿಯವರು ಆ ಅರ್ಜಿ ಹಾಕಿದ್ದು 2005ರಲ್ಲಿ. ಈ ತೀರ್ಪಿನವರೆಗೆ ಸುಮಾರು ಎರಡು ದಶಕ ಕಾದವರ ತಾಳ್ಮೆ ದೊಡ್ಡದು. ಆದರೆ ನಾವು ಆ ತಾಳ್ಮೆಯನ್ನೇ ನಂಬಿಕೊಂಡು ಕೂರಬೇಕೆ?

ನಮ್ಮಲ್ಲಿ ನಡೆಯುವುದು ಹೀಗೆ: ಪ್ರಮಾಣಪತ್ರ ಪಡೆಯುವ ದಿನ ಜಾಗ ಇರುತ್ತದೆ, ಬಣ್ಣ ಹೊಸದಾಗಿರುತ್ತದೆ. ಮರುದಿನದಿಂದ ಅದನ್ನು ಖಾಲಿ ಇಡುವ ಹೊಣೆ ಯಾರದ್ದೂ ಅಲ್ಲ. ಪಾಲಿಕೆ ಮತ್ತೆ ಬಂದು ನೋಡುವುದಿಲ್ಲ. ಪೊಲೀಸರು ಗೇಟಿನ ಹೊರಗೇ ನಿಲ್ಲುತ್ತಾರೆ. ಪೊಲೀಸ್ ಅಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಮೋಟಾರು ವಾಹನ ಕಾಯ್ದೆಯ ಅರ್ಥದಲ್ಲಿ ಸಾರ್ವಜನಿಕ ಸ್ಥಳವೆಂದರೆ ಬರೀ ರಸ್ತೆಯಲ್ಲ. ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಯಾವ ಜಾಗವೂ ಅದರಲ್ಲಿ ಸೇರುತ್ತದೆ. ದಿನಕ್ಕೆ ಸಾವಿರಾರು ಜನ ಬಂದುಹೋಗುವ ಆಸ್ಪತ್ರೆಯ ಅಂಗಳ ಆ ವ್ಯಾಖ್ಯೆಯ ಹೊರಗೆ ಹೇಗಾಯಿತು? ಅದೇ ಕಾಯ್ದೆಯ 117ನೇ ಕಲಮು ಗಾಡಿ ನಿಲ್ಲಿಸುವ ಜಾಗಗಳನ್ನು ಗೊತ್ತುಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಕಾನೂನಿನ ಸಂಶಯವೇನಾದರೂ ಇದ್ದರೆ ಒಂದು ಅಧಿಸೂಚನೆಯಿಂದ ಬಗೆಹರಿಯುತ್ತದೆ. ಬಗೆಹರಿಸುವ ಮನಸ್ಸು ಬೇಕು.

ಅಲ್ಲಿ ಗಾಡಿ ನಿಲ್ಲಿಸುವವರಿಗೂ ನೇರವಾಗಿ ಎರಡು ಮಾತು. ನಿಮ್ಮಲ್ಲಿ ಹೆಚ್ಚಿನವರು ಕೆಟ್ಟವರೆಂದು ನಾನು ಭಾವಿಸಿಲ್ಲ. ಊರುಗೋಲು ಕಂಡರೆ ದಾರಿ ಬಿಡುತ್ತೀರಿ, ಮೆಟ್ಟಿಲಲ್ಲಿ ಕೈ ಕೊಡಲು ಬರುತ್ತೀರಿ. ಅದೇ ನೀವು, ಕಣ್ಣೆದುರು ಊರುಗೋಲು ಇಲ್ಲದಾಗ ಆ ಜಾಗವನ್ನು ಖಾಲಿ ಎಂದು ತಿಳಿಯುತ್ತೀರಿ. "ಐದೇ ನಿಮಿಷ" ಎನ್ನುತ್ತೀರಿ. ಒಬ್ಬರು ಹೋದಮೇಲೆ ಇನ್ನೊಬ್ಬರ ಐದು ನಿಮಿಷ ಶುರುವಾಗುತ್ತದೆ, ಬೆಳಗಿನಿಂದ ರಾತ್ರಿಯವರೆಗೆ ಜಾಗ ಖಾಲಿಯಾಗುವುದೇ ಇಲ್ಲ. ನಾವು ಬಂದು, ಒಂದು ಸುತ್ತು ಹೊಡೆದು, ವಾಪಸು ಹೋಗುತ್ತೇವೆ. ಹೋದವರನ್ನು ನೀವು ನೋಡುವುದಿಲ್ಲ. ಹಾಗಾಗಿ "ಇಲ್ಲಿಗೆ ಅಂಗವಿಕಲರು ಯಾರೂ ಬರೋದೇ ಇಲ್ಲ" ಎಂಬ ಮಾತು ಹುಟ್ಟುತ್ತದೆ. 2011ರ ಜನಗಣತಿಯ ಲೆಕ್ಕದಲ್ಲೇ ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ಅಂಗವಿಕಲರಿದ್ದೇವೆ. ಬರುವುದಿಲ್ಲವಾದರೆ ಬರಲು ಬಿಟ್ಟಿಲ್ಲ ಎಂದರ್ಥ.

ನಮ್ಮ ಕಡೆಯಿಂದಲೂ ಒಂದು ಎಚ್ಚರ ಬೇಕು. ನಡೆದು ಹೋಗುತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಬೈಯಬಾರದು. 2016ರ ಅಧಿನಿಯಮ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫಿಲಿಯಾ, ಸಿಕಲ್ ಸೆಲ್ ಕೂಡ ಅದರಲ್ಲಿವೆ. ಬೆಳಿಗ್ಗೆ ನಡೆದವರಿಗೆ ಸಂಜೆ ಹೆಜ್ಜೆ ಎತ್ತಿಡಲು ಆಗದಿರಬಹುದು. ಆದ್ದರಿಂದ ಮುಖ, ನಡಿಗೆ ನೋಡಿ ತೀರ್ಮಾನಿಸುವ ಕೆಲಸವನ್ನು ಗೇಟಿನ ಹುಡುಗನಿಗಾಗಲಿ ನನಗಾಗಲಿ ಬಿಡಬೇಡಿ. ಅದಕ್ಕೆ ಒಂದು ಗುರುತು ಬೇಕು. ಈಗ ಅಂಗಡಿಯಲ್ಲಿ ಯಾರು ಬೇಕಾದರೂ ಕೊಂಡು ಗಾಜಿಗೆ ಅಂಟಿಸುವ ಗಾಲಿಕುರ್ಚಿಯ ಸ್ಟಿಕ್ಕರ್ ಗುರುತಲ್ಲ. ಬ್ರಿಟನ್ನಿನಲ್ಲಿ 1970ರ ಒಂದು ಕಾಯ್ದೆಯಿಂದ ಹುಟ್ಟಿದ ಪಾರ್ಕಿಂಗ್ ಬ್ಯಾಡ್ಜ್ ಇಂದಿಗೂ ನಡೆದುಬಂದಿದೆ. ಮೊದಲು ಕಿತ್ತಳೆ ಬಣ್ಣದ್ದಾಗಿತ್ತು, ಈಗ ನೀಲಿ. ಅದನ್ನು ಗಾಡಿಗೆ ಕೊಡುವುದಿಲ್ಲ, ವ್ಯಕ್ತಿಗೆ ಕೊಡುತ್ತಾರೆ. ಮಗನ ಕಾರಿನಲ್ಲಿ ಬಂದರೂ ನೆರೆಯವರ ಕಾರಿನಲ್ಲಿ ಬಂದರೂ ಅದು ಸಲ್ಲುತ್ತದೆ. ಆ ವ್ಯಕ್ತಿಗೆ ಸಂಬಂಧವಿಲ್ಲದ ಓಡಾಟಕ್ಕೆ ಅದನ್ನು ಬಳಸಿದರೆ ದಂಡ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಜಾಗದಲ್ಲಿ ಅಕ್ರಮವಾಗಿ ನಿಲ್ಲಿಸಿದರೆ ಕನಿಷ್ಠ ದಂಡವೇ 250 ಡಾಲರ್. ಅಲ್ಲಿರುವ ನನ್ನ ಅಣ್ಣನ ಮಗ, ತುಂಬಿದ ಅಂಗಡಿಯ ಅಂಗಳದಲ್ಲಿ ಆ ಒಂದು ಜಾಗ ಖಾಲಿ ಇದ್ದರೂ ಯಾರೂ ಅದರತ್ತ ತಿರುಗುವುದಿಲ್ಲ ಎನ್ನುತ್ತಾನೆ. ಹಾಗೆ ತಿರುಗದವರಲ್ಲಿ ನಮ್ಮ ಊರಿನವರೂ ಇದ್ದಾರೆ.

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನ ಸಾಮಾನ್ಯ ದಂಡ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1,500ರವರೆಗೆ. ಸಂಚಾರ ಪೊಲೀಸರೇ, ನಿಮ್ಮ ರಸೀದಿ ಪುಸ್ತಕದಲ್ಲಿ ಅಂಗವಿಕಲರ ಜಾಗವನ್ನು ಆಕ್ರಮಿಸಿದ್ದಕ್ಕೆ ಪ್ರತ್ಯೇಕವಾದ, ನಾಟುವಂಥ ದಂಡವಿರಲಿ. ನಮ್ಮ ಕೈಯಲ್ಲಿ ಈಗಾಗಲೇ ಕೇಂದ್ರದ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಇದೆ. ಅದರ ಸಂಖ್ಯೆಗೆ ಜೋಡಿಸಿ, ಸ್ಕ್ಯಾನ್ ಮಾಡಿದರೆ ತಿಳಿಯುವಂಥ ಒಂದು ಪಾರ್ಕಿಂಗ್ ಪರವಾನಗಿಯನ್ನು ಇಲಾಖೆ ಕೊಡಲಿ. ಅದಕ್ಕಾಗಿ ಮತ್ತೊಂದು ವೈದ್ಯಕೀಯ ಪರೀಕ್ಷೆ, ಮತ್ತೊಂದು ಸರತಿ ಸಾಲು ಮಾತ್ರ ಬೇಡ. ಪ್ರತಿ ಕಟ್ಟಡದಲ್ಲೂ ಆ ಜಾಗವನ್ನು ಖಾಲಿ ಇಡುವ ಹೊಣೆಗಾರನ ಹೆಸರು ಮತ್ತು ಫೋನ್ ನಂಬರ್ ಜಾಗದ ಎದುರಿಗೇ ಫಲಕದಲ್ಲಿರಲಿ. ಆ ಹೊಣೆಗಾರ ಗೇಟಿನ ಹುಡುಗನಾಗಬಾರದು, ಸಹಿ ಹಾಕುವ ಅಧಿಕಾರಿಯಾಗಬೇಕು. ವ್ಯಾಪಾರ ಪರವಾನಗಿ ನವೀಕರಿಸುವಾಗ ಪಾಲಿಕೆಯವರು ಹೇಳದೆ ಬಂದು ಜಾಗ ನೋಡಲಿ. ದ್ವಿಚಕ್ರ ವಾಹನಗಳ ಸಾಲಿನಲ್ಲೂ, ನೆಲಮಾಳಿಗೆಯಲ್ಲಲ್ಲ, ಬಾಗಿಲ ಬಳಿ ನೆಲಮಟ್ಟದಲ್ಲಿ, ಸೈಡ್ ವೀಲ್ ಗಾಡಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ನೇರ ಹೊರಗೆ ಹೋಗುವಂಥ ಜಾಗ ಬಿಡಿಸಿ. ಹಾಗೆ ಮಾಡಿದರೆ ನಮಗೆ ರಿವರ್ಸ್ ಬೇಕಾಗುವುದಿಲ್ಲ, ತಳ್ಳುವವರೂ ಬೇಕಾಗುವುದಿಲ್ಲ. ಈ ಒಂದು ಮಾತನ್ನು ಯಾವ ಸಭೆಯಲ್ಲೂ ಯಾರೂ ಎತ್ತಿದ್ದನ್ನು ನಾನು ಕೇಳಿಲ್ಲ. ಆದ್ದರಿಂದ ಇಲ್ಲಿ ಒತ್ತಿ ಬರೆಯುತ್ತಿದ್ದೇನೆ.

ಶುರುಮಾಡಲು ಹೊಸ ಕಾನೂನಿಗಾಗಿ ಕಾಯಬೇಕಿಲ್ಲ. ಈ ಪತ್ರ ತಲುಪಿದ ವಾರದಲ್ಲಿ ನಿಮ್ಮ ನಿಮ್ಮ ಕಚೇರಿಯ ಅಂಗಳಕ್ಕೆ ಇಳಿದು, ಗಾಲಿಕುರ್ಚಿಯ ಚಿತ್ರವಿರುವ ಜಾಗ ಎಲ್ಲಿದೆ, ಅದರ ಮೇಲೆ ನಿಂತಿರುವ ಗಾಡಿ ಯಾರದು ಎಂದು ವಿಚಾರಿಸಿ. ಇಲಾಖೆಯ ಗಾಡಿಯೇ ಆಗಿದ್ದರೆ ಮೊದಲ ದಂಡದ ರಸೀದಿಯನ್ನು ಅದಕ್ಕೇ ಹಾಕಿಸಿ, ಏನು ಮಾಡಿದಿರಿ ಎಂಬುದನ್ನು ಪತ್ರಿಕೆಗಳ ಮೂಲಕ ನಮಗೆ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಸೈಡ್ ವೀಲ್ ಸ್ಕೂಟರಿನ ಸವಾರಳೊಬ್ಬಳು
ಬೆಂಗಳೂರು