ಒತ್ತಕ್ಷರಕ್ಕೂ ಜಾಗ ಬಿಡಿ

ಕಾಲೇಜು ಹಬ್ಬದ ವಿಡಿಯೊಗೆ ಶೀರ್ಷಿಕೆ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆಫ್ಟರ್ ಎಫೆಕ್ಟ್ಸ್‌ನ ಒಂದು ಟೆಂಪ್ಲೇಟ್ ಇಳಿಸಿಕೊಂಡೆ. ಅದರಲ್ಲಿದ್ದ ಇಂಗ್ಲಿಷ್ ಪದ ಅಳಿಸಿ, ಹಳೆಯ ನುಡಿ ಫಾಂಟ್‌ನಲ್ಲಿ ‘ಮಲ್ಲೇಶ್ವರ’ ಎಂದು ಟೈಪ್ ಮಾಡಿದೆ. ಪರದೆಯ ಮೇಲೆ ‘ಲ’ ಮೊದಲು ಬಂತು, ಅದರ ಒತ್ತು ಆಮೇಲೆ ಎಲ್ಲಿಂದಲೋ ಹಾರಿ ಬಂತು. ‘ಶ್ವ’ದ ಒತ್ತಂತೂ ಅರ್ಧಕ್ಕೇ ಕತ್ತರಿಸಿ ಹೋಗಿತ್ತು. ‘ಒತ್ತು ಎಲ್ಲಿ ಮಗಾ?’ ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಸಭಾಂಗಣವೆಲ್ಲ ನಕ್ಕಿತು.

ಆಗ ಸಾಫ್ಟ್‌ವೇರ್‌ಗೆ ಬೈದೆ. ಒಳಗಿನ ಸೆಟ್ಟಿಂಗ್ಸ್ ತೆರೆದು ನೋಡಿದ ಮೇಲೆ ತಪ್ಪು ನನ್ನದೇ ಎಂದು ಗೊತ್ತಾಯಿತು.

‘ಮಲ್ಲೇಶ್ವರ’ ನಮಗೆ 4 ಅಕ್ಷರ. ಯೂನಿಕೋಡ್‌ನಲ್ಲಿ ಅದು 9 ಸಂಕೇತ. ‘ಲ್ಲೇ’ ಒಂದಕ್ಕೇ 4 ಬೇಕು, ‘ಶ್ವ’ಕ್ಕೆ 3. ಹಳೆಯ ಫಾಂಟ್‌ಗಳಲ್ಲಂತೂ ಒತ್ತು, ದೀರ್ಘ ಎಲ್ಲವೂ ಬಿಡಿ ತುಂಡುಗಳೇ. ಒಂದೊಂದೇ ಅಕ್ಷರ ಬರಲಿ ಎಂದರೆ ಆ ತುಂಡುಗಳು ಒಂದೊಂದಾಗಿ ಬರುತ್ತವೆ. ಸಾಫ್ಟ್‌ವೇರ್ ಹೇಳಿದಷ್ಟನ್ನೇ ಮಾಡಿತ್ತು.

ಪರಿಹಾರ ದೊಡ್ಡದೇನಲ್ಲ. ಯೂನಿಕೋಡ್ ಫಾಂಟ್ ಬಳಸಬೇಕು. ಪ್ರಿಫರೆನ್ಸಸ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಬೇರೆ ಟೆಕ್ಸ್ಟ್ ಎಂಜಿನ್ ಇರುವ ಆವೃತ್ತಿಯಾದರೆ ಅದನ್ನು ಆರಿಸಬೇಕು. ರೇಂಜ್ ಸೆಲೆಕ್ಟರ್‌ನ ‘ಬೇಸ್ಡ್ ಆನ್’ನಲ್ಲಿ ಕ್ಯಾರೆಕ್ಟರ್ಸ್ ಬದಲು ವರ್ಡ್ಸ್ ಎಂದು ಕೊಟ್ಟರೆ ಪದ ಇಡಿಯಾಗಿ ಚಲಿಸುತ್ತದೆ. ಅಕ್ಷರಗಳೇ ಬಿಡಿಬಿಡಿಯಾಗಿ ಬರಬೇಕೆಂದರೆ ಒಂದೊಂದನ್ನೂ ಬೇರೆ ಬೇರೆ ಲೇಯರ್‌ನಲ್ಲಿ ಇಟ್ಟು, ಆ್ಯಂಕರ್ ಪಾಯಿಂಟನ್ನು ಅಕ್ಷರದ ನಡುವಿಗೆ ತರಬೇಕು. ಇಲ್ಲದಿದ್ದರೆ ಸ್ಕೇಲ್ ಹೆಚ್ಚಿಸಿದಾಗ ಅಕ್ಷರ ಒಂದೇ ಕಡೆಗೆ ಬೆಳೆಯುತ್ತದೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಕಟ್ಟಿದ ಮ್ಯಾಟ್ ಅನ್ನು ಕೆಳಗೆ ಇಳಿಸಬೇಕು. ಎರಡು ಸಾಲಿದ್ದರೆ ಲೀಡಿಂಗ್ ಹೆಚ್ಚಿಸಬೇಕು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಬಾರದು.

ಟೆಂಪ್ಲೇಟ್ ಬೇಡವೇ ಬೇಡ ಎನ್ನುತ್ತಿಲ್ಲ. ಒಂದು ಗಂಟೆಯಲ್ಲಿ ವಿಡಿಯೊ ಬೇಕು ಎನ್ನುವವರ ಮುಂದೆ ಎಲ್ಲವನ್ನೂ ಮೊದಲಿನಿಂದ ಕಟ್ಟುತ್ತ ಕೂರಲಾಗದು. ಆದರೆ ಒಳಗಿನ ಪೊಸಿಷನ್, ಸ್ಕೇಲ್, ಕೀಫ್ರೇಮ್ ತೆರೆದು ನೋಡದೆ ಪದ ಮಾತ್ರ ಬದಲಿಸುವುದನ್ನು ಕಲಿಕೆ ಎನ್ನಲಾಗದು. ಆ ಟೆಂಪ್ಲೇಟ್ ನಮ್ಮಂತೆ ಸಾವಿರಾರು ಜನರ ಬಳಿ ಇದೆ. ಕೆಲಸ ಹುಡುಕುವಾಗ ತೋರಿಸುವ ಶೋರೀಲ್‌ನಲ್ಲಿ ನಮ್ಮದು ಎನ್ನುವಂಥದ್ದು ಏನಿರುತ್ತದೆ? ಸುದ್ದಿವಾಹಿನಿ, ಸಿನಿಮಾ ಲಿರಿಕಲ್ ವಿಡಿಯೊ, ಯೂಟ್ಯೂಬ್ ಎಲ್ಲಕ್ಕೂ ಕನ್ನಡ ಶೀರ್ಷಿಕೆ ಬೇಕು. ಅದನ್ನು ತಪ್ಪಿಲ್ಲದೆ ಕುಣಿಸಬಲ್ಲವರ ಕೌಶಲ ಎದ್ದು ಕಾಣುತ್ತದೆ. ಆದರೆ ನಾನು ಸೇರಿದ್ದ ತರಬೇತಿಯಲ್ಲಿ ಕೋರ್ಸ್ ಮುಗಿಯುವವರೆಗೂ ಒಂದೇ ಒಂದು ಕನ್ನಡ ಪದ ಟೈಪ್ ಮಾಡಿಸಲಿಲ್ಲ. ನಾವಾದರೂ ಕೇಳಬೇಕಿತ್ತು, ಕೇಳಲಿಲ್ಲ.

ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವುದೇ ಸಾಹಸವಾಗಿದ್ದ ಕಾಲವೊಂದಿತ್ತು. ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ ಕೊಟ್ಟರು, ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತು ನುಡಿ ರೂಪಿಸಿತು. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡವೂ ಇತ್ತು. ಹಿರಿಯರು ಅಕ್ಷರವನ್ನು ಪರದೆಗೆ ತಂದುಕೊಟ್ಟರು. ಅದು ಅಂಗಹೀನವಾಗದಂತೆ ಚಲಿಸುವ ಹಾಗೆ ಮಾಡುವುದು ನಮ್ಮ ಪಾಳಿ.

ಮುಂದಿನ ಸಲ ಟೆಂಪ್ಲೇಟ್ ತೆರೆದಾಗ ಪದ ಬದಲಿಸಿ ಎಕ್ಸ್‌ಪೋರ್ಟ್ ಒತ್ತಬೇಡಿ. ಮೊದಲು ‘ಮಲ್ಲೇಶ್ವರ’ ಎಂದು ಟೈಪ್ ಮಾಡಿ ನೋಡಿ. ಎಲ್ಲಿ ಮುರಿಯುತ್ತದೋ ಅಲ್ಲಿಂದ ಕಲಿಕೆ ಶುರು.